ಮದ್ದು ಹಾಕಿದವಳು

ಭಾರತಮ್ಮ ಮದುವೆಯಾಗಿ ಹೋಳೂರಿನ ಒಳದಾರಿಯ ಆ ಸಣ್ಣ ಹಳ್ಳಿಗೆ ಬಂದಾಗ ಅವಳ ನಾಲಿಗೆಯ ಮೇಲೆ ಕನ್ನಡವೂ ತೆಲುಗೂ ಬೇರೆಬೇರೆಯಾಗಿ ಇರಲಿಲ್ಲ. ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಅಲ್ಲಿನ ಜನ ತೆಲುಗಿನಲ್ಲಿ ಎತ್ತಿದ ಮಾತನ್ನು ಕನ್ನಡದಲ್ಲಿ ಇಳಿಸುತ್ತಿದ್ದರು. ಅವಳ ಅಜ್ಜಿ ಸುತ್ತಲ ಊರುಗಳ ಎಳೆಮಕ್ಕಳಿಗೆಲ್ಲ ಮದ್ದು ಕೊಡುವ ಮುದುಕಿ. ಹೊಟ್ಟೆನೋವು, ನೆಗಡಿ, ಹಾಲು ಕಕ್ಕುವುದು, ಏನಾದರೂ ಸರಿ, ತಾಯಂದಿರು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಜಗಲಿಯ ಮೇಲೆ ಕೂತು, "ಬಿಡ್ಡಕಿ ಮಂದು ಪೊಯ್ಯವ್ವಾ" ಎನ್ನುತ್ತಿದ್ದರು. ಕೂಸಿಗೆ ಔಷಧ ಹಾಕು ತಾಯಿ ಎಂದು. ಅಜ್ಜಿ ಬಜೆ ತೇಯ್ದು, ಓಮ ಕುದಿಸಿ, ಒಳಲೆಯಲ್ಲಿ ಮಗುವಿನ ಬಾಯಿಗೆ ಬಿಡುತ್ತಿದ್ದಳು. ಭಾರತಮ್ಮನಿಗೆ ಮದ್ದು ಎಂಬ ಮಾತು ಕೇಳಿದರೆ ಮೂಗಿಗೆ ಬರುತ್ತಿದ್ದದ್ದು ಬಜೆಯ ವಾಸನೆ. ಆ ಮಾತಿಗೆ ಬೇರೆ ವಾಸನೆಯೂ ಇದೆಯೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಂಡನ ಮನೆಯಲ್ಲಿ ಅತ್ತೆ ರಾಮಲಕ್ಷ್ಮಮ್ಮ, ಗಂಡ ಸುಬ್ಬರಾಯಪ್ಪ, ಮೈದ ಮುನಿಶಾಮಿ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಬಾವಿಯ ಕೆಳಗೆ ತರಕಾರಿ, ಮೇಲಿನ ಹೊಲದಲ್ಲಿ ರಾಗಿ, ನಡುವೆ ಹಿಪ್ಪುನೇರಳೆ. ಮನೆಯ ನಡುವಂಕಣದಲ್ಲಿ ರೇಷ್ಮೆ ಹುಳುವಿನ ತಟ್ಟೆಗಳು. ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಹೆಂಗಸರಿಗೆ ಬಿಡುವೆಂಬುದಿಲ್ಲ. ಭಾರತಮ್ಮ ಮುಂಜಾನೆ ಸೊಪ್ಪು ಕೊಯ್ದು ತಂದು, ಹೆಚ್ಚಿ, ತಟ್ಟೆಗೆ ಹರಡಿ, ಆಮೇಲೆ ಒಲೆ ಹೊತ್ತಿಸುವಳು. ಅವಳ ಅಡುಗೆ ಚೆನ್ನಾಗಿತ್ತು. ಮುನಿಶಾಮಿಯಂತೂ ಹೊಲದಿಂದ ಬಂದವನೇ, "ಅತ್ತಿಗೆ, ಉಪ್ಸಾರು ಐತಾ?" ಎಂದು ಕೇಳಿಕೊಂಡೇ ಕಾಲು ತೊಳೆಯುತ್ತಿದ್ದ. ಅತ್ತೆ ನಗುತ್ತಿದ್ದಳು. "ನನ್ ಕೈ ಸಾರು ಇಷ್ಟ್ ವರ್ಷ ತಿಂದ್ನಲ್ಲ, ಒಂದ್ ದಿನಾನೂ ಕೇಳ್ಲಿಲ್ಲ ಕಣೆ" ಎನ್ನುತ್ತಿದ್ದಳು. ಆಗ ಅದು ತಮಾಷೆಯ ಮಾತು. ಮಗಳು ವನಜ ಹುಟ್ಟಿದಳು. ಒಟ್ಟಿನಲ್ಲಿ ನೆಮ್ಮದಿಯಾಗಿಯೇ ಇತ್ತು.

ಎಪ್ಪತ್ತೈದರ ಸುಮಾರಿಗೆ ಆ ಕಡೆಯ ತರಕಾರಿ ತೋಟಗಳಿಗೆ ಬಾಟಲಿಯಲ್ಲಿ ಬರುವ ಔಷಧಿ ಕಾಲಿಟ್ಟಿತು. ಅದುವರೆಗೆ ಹುಳು ಬಿದ್ದರೆ ಬೂದಿ ಎರಚುತ್ತಿದ್ದರು, ಬೇವಿನ ಹಿಂಡಿ ಹಾಕುತ್ತಿದ್ದರು. ಈಗ ಕೋಲಾರದ ಗೊಬ್ಬರದ ಅಂಗಡಿಯಿಂದ ಸಣ್ಣ ಬಾಟಲಿ ತಂದು, ನೀರಿಗೆ ಬೆರೆಸಿ, ಬೆನ್ನಿಗೆ ಡಬ್ಬ ಕಟ್ಟಿಕೊಂಡು ಹೊಡೆದರೆ ಸಂಜೆಗೆ ಹುಳು ಕೆಳಗೆ. ಎಲ್ಲರೂ ಅದನ್ನು ಗಿಡದ ಔಷಧಿ ಎಂದೇ ಕರೆದರು. ಔಷಧಿಯೆಂದ ಮೇಲೆ ಭಯವೇನು? ಮುನಿಶಾಮಿ ಹುರುಳಿಕಾಯಿ ಸಾಲಿಗೆ ಹೊಡೆಯಲು ಬರಿ ಮೈಯಲ್ಲಿ ಹೋದ. ಬಕೆಟ್ಟಿನಲ್ಲಿ ಕೈ ಹಾಕಿ ಕದಡಿದ. ಗಾಳಿಗೆ ಎದುರಾಗಿ ನಡೆದ.

ಆ ಬೆಳಗ್ಗೆ ಅವನಿಗೆ ಕೆಮ್ಮಿತ್ತು. ಭಾರತಮ್ಮ ಶುಂಠಿ, ಮೆಣಸು, ತುಳಸಿ ಜಜ್ಜಿ ಕುದಿಸಿ ಬೆಲ್ಲ ಹಾಕಿ ಕೊಟ್ಟಿದ್ದಳು. ಅದಾದ ಮೇಲೆ ನೀರಿಗೆ ಬಾವಿಗೆ ಹೋದಾಗ ಪಕ್ಕದ ಮನೆಯ ಶ್ಯಾಮಲಮ್ಮ ಕೇಳಿದಳು.

"ಯಾಕಮ್ಮ ತಡ?"

"ನಮ್ ಮುನಿಶಾಮಿಗೆ ಮದ್ದು ಹಾಕ್ಕೊಟ್ಟು ಬಂದೆ ಕಣಕ್ಕಾ."

ಬಾವಿಕಟ್ಟೆಯ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು. ಭಾರತಮ್ಮ ಅದೇಕೆಂದು ಯೋಚಿಸದೆ ಬಿಂದಿಗೆ ಎತ್ತಿಕೊಂಡು ಬಂದಳು.

ಹೊತ್ತು ನೆತ್ತಿಗೇರುವ ಮೊದಲೇ ಮುನಿಶಾಮಿಯನ್ನು ನಾಲ್ಕು ಜನ ಹೊತ್ತು ತಂದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವರು. ಹೊಟ್ಟೆ ಹಿಡಿದುಕೊಂಡು ಮುದುರಿದ್ದ. ಕಣ್ಣು ಕಾಣಿಸುವುದಿಲ್ಲ, ಎಲ್ಲ ಮಬ್ಬು ಮಬ್ಬು ಎಂದು ನರಳುತ್ತಿದ್ದ. ಭಾರತಮ್ಮ ನೀರು ತಂದು ಅವನ ತಲೆ ಎತ್ತಿ ಹಿಡಿದಳು. ಆಗ ಹಿಂದಿನಿಂದ ಒಂದು ಧ್ವನಿ ಬಂತು.

"ಅವ್ಳ್ ಕೈಲಿ ನೀರು ಕುಡಿಸ್ಬೇಡ್ರೋ. ಬೆಳಗ್ಗೆ ಬಾಯ್ಬಿಟ್ಟು ಹೇಳವ್ಳೆ, ಮದ್ದು ಹಾಕಿದೀನಿ ಅಂತ."

ಭಾರತಮ್ಮ ತಿರುಗಿ ನೋಡಿದಳು. ಶ್ಯಾಮಲಮ್ಮ ನಿಂತಿದ್ದಳು. ಅವಳ ಮುಖದಲ್ಲಿ ದ್ವೇಷವೇನೂ ಇರಲಿಲ್ಲ, ನಿಜವಾಗಿಯೂ ಹೆದರಿದ್ದಳು.

ಆ ಊರಿನಲ್ಲಿ ಮದ್ದು ಎಂದರೆ ಬೇರೆ. ಬಂಡೆ ಸಿಡಿಸಲು ತುಂಬುವುದು ಮದ್ದು, ಅದು ಸರಿ. ಆದರೆ ಹೆಂಗಸು ಅನ್ನದಲ್ಲಿ ಕಲಸಿ ಹಾಕುತ್ತಾಳೆ ಎನ್ನುವುದೂ ಮದ್ದೇ. ಯಾವುದೋ ಬೇರು, ಯಾವುದೋ ಬೂದಿ. ಅದನ್ನು ತಿಂದ ಗಂಡಸು ಹಾಕಿದವಳ ಹಿಂದೆ ನಾಯಿಯ ಹಾಗೆ ಸುತ್ತುತ್ತಾನೆ, ಇಲ್ಲವೇ ಕರುಳು ಕೊಳೆತು ಒಣಗಿ ಸಾಯುತ್ತಾನೆ. ಹಾಕುವವಳಿಗೆ ಅದು ಚಟ, ಮನೆತನದ ವಿದ್ಯೆ, ತಾಯಿಯಿಂದ ಮಗಳಿಗೆ ಬರುವುದು. ಹೀಗೆಂದು ನಂಬಿದ್ದರು. ಭಾರತಮ್ಮನ ಅಜ್ಜಿ ಮದ್ದು ಕೊಡುವವಳೆಂದು ಮದುವೆಯ ಮಾತುಕತೆಯಲ್ಲೇ ಬಂದಿತ್ತು. ಆಗ ಗುಣವಾಗಿ ಕೇಳಿಸಿದ್ದು ಈಗ ಸಾಕ್ಷಿಯಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಸುಬ್ಬರಾಯಪ್ಪ ಗಾಡಿ ಕಟ್ಟಲು ಹೋದ. ರಾಮಲಕ್ಷ್ಮಮ್ಮ ಬಿಡಲಿಲ್ಲ. ಮದ್ದು ಬಿದ್ದವರಿಗೆ ಸೂಜಿ ಚುಚ್ಚಿದರೆ ಅಲ್ಲೇ ಪ್ರಾಣ ಹೋಗುತ್ತದೆಂಬ ಭಯ ಅವಳಿಗೆ. ಮದ್ದು ತೆಗೆಯುವುದರಲ್ಲಿ ಹೆಸರಾಗಿದ್ದ ದೊಡ್ಡವೆಂಕಟಪ್ಪನನ್ನು ಪಕ್ಕದ ಊರಿನಿಂದ ಕರೆಸಿದರು. ಅವನು ಸೊಪ್ಪಿನ ರಸ ಕುಡಿಸಿ ಕಕ್ಕಿಸಿದ. ಕಕ್ಕಿದ್ದರಲ್ಲಿ ಕಡ್ಡಿಯಿಂದ ಕೆದಕಿ, ಕೂದಲು ಸುತ್ತಿದ ಒಂದು ಕಪ್ಪು ಉಂಡೆಯನ್ನು ಎತ್ತಿ ಬೆಳಕಿಗೆ ಹಿಡಿದ. ಅಂಗಳದಲ್ಲಿ ಸೇರಿದ್ದ ಜನವೆಲ್ಲ ಉಸ್ಸೆಂದರು. ಮುನಿಶಾಮಿಯ ಆಯಸ್ಸು ಗಟ್ಟಿಯಿತ್ತು. ನಾಲ್ಕಾರು ದಿನ ಮಲಗಿ ಎದ್ದ. ಅವನು ಎದ್ದದ್ದೇ ಭಾರತಮ್ಮನ ಕುತ್ತಿಗೆಗೆ ಬಂತು. ಉಂಡೆ ಬಂತು, ಹುಡುಗ ಬದುಕಿದ. ಇನ್ನೇನು ರುಜುವಾತು ಬೇಕು?

"ಅತ್ತೆ, ನಾನು ಕೊಟ್ಟಿದ್ದು ಶುಂಠಿ ಕಷಾಯ. ನೀವೇ ನೋಡ್ತಾ ಇದ್ರಲ್ಲ" ಎಂದಳು ಭಾರತಮ್ಮ.

ರಾಮಲಕ್ಷ್ಮಮ್ಮ ಅವಳ ಮುಖ ನೋಡಲಿಲ್ಲ. "ಕುದಿಯೋದು ನೋಡ್ದೆ. ಏನ್ ಕುದೀತಿತ್ತು ಅಂತ ನಂಗೇನ್ ಗೊತ್ತು?" ಎಂದಳು.

ಅಂದೇ ಒಲೆ ಬೇರೆಯಾಯಿತು. ಹಿತ್ತಲ ಕಡೆ ದನ ಕಟ್ಟುತ್ತಿದ್ದ ಕೋಣೆಯನ್ನು ತೊಳೆದು, ನಡುವೆ ಮೊಣಕಾಲೆತ್ತರದ ಗೋಡೆ ಎಬ್ಬಿಸಿ, ಭಾರತಮ್ಮ, ಗಂಡ, ಮಗಳು ಅಲ್ಲಿಗೆ ಬಂದರು. ಜಮೀನು ಮಾತ್ರ ಒಟ್ಟಾಗಿಯೇ ಉಳಿಯಿತು. ಹುಳುವಿನ ಕೆಲಸವನ್ನೂ ಅವಳಿಂದ ತಪ್ಪಿಸಲಿಲ್ಲ, ಅವಳಷ್ಟು ಚೊಕ್ಕವಾಗಿ ಸೊಪ್ಪು ಹೆಚ್ಚುವವರು ಬೇರೆ ಇರಲಿಲ್ಲ. ದಿನಾ ಬೆಳಗ್ಗೆ ನಡುವಂಕಣಕ್ಕೆ ಹೋಗಿ ತಟ್ಟೆಗೆ ಸೊಪ್ಪು ಹರಡುವಳು. ಸಾವಿರಾರು ಹುಳು ಅವಳ ಕೈಯ ಸೊಪ್ಪನ್ನು ಸರಸರನೆ ತಿನ್ನುವುದನ್ನು ಕೇಳುತ್ತ ನಿಲ್ಲುವಳು. ಆ ಮನೆಯಲ್ಲಿ ಅವಳ ಕೈಯಿಂದ ತಿನ್ನುತ್ತಿದ್ದದ್ದು ಅವು ಮಾತ್ರ.

ಸುಬ್ಬರಾಯಪ್ಪ ಹೆಂಡತಿಯ ಕೈಬಿಡಲಿಲ್ಲ. ಅದೇ ಇನ್ನೊಂದು ಬಲೆಯಾಯಿತು. ಅವನು ಅವಳ ಪರವಾಗಿ ಊರಕಟ್ಟೆಯಲ್ಲಿ ಮಾತಾಡಿದರೆ, "ನೋಡಿದ್ರಾ, ಅವ್ನಿಗೂ ಹಾಕವ್ಳೆ, ಅದಕ್ಕೆ ಹಿಂಗೆ ಆಡ್ತವ್ನೆ" ಎಂದರು. ಜಗಳವಾಡಿದರೆ ಮದ್ದು ತಲೆಗೇರಿದೆ ಎಂದರು. ಸುಮ್ಮನಿದ್ದರೆ ಮದ್ದು ನಾಲಿಗೆ ಕಟ್ಟಿದೆ ಎಂದರು. ಒಮ್ಮೆ ಹಟದಿಂದ ಭಾರತಮ್ಮ ಹೋಳಿಗೆ ಮಾಡಿ, ಎಲ್ಲರ ಎದುರಿಗೆ ತಾನೇ ಮೊದಲು ತಿಂದು, ಓಣಿಯ ಹೆಂಗಸರಿಗೆ ಕೊಟ್ಟಳು. ಒಬ್ಬಳು ಮುಲಾಜಿಗೆ ಸಿಕ್ಕಿ ತಿಂದಳು. ಏನೂ ಆಗಲಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಾಗ, ಇದು ನಿಧಾನವಾಗಿ ಹತ್ತುವ ಜಾತಿಯ ಮದ್ದು ಎಂದು ಊರು ತೀರ್ಮಾನಿಸಿತು. ಯಾವ ಬಾಗಿಲು ತಟ್ಟಿದರೂ ಅದು ಮತ್ತೆ ಅದೇ ಕೋಣೆಗೇ ತೆರೆಯುತ್ತಿತ್ತು.

ಮದುವೆ ಮನೆಗಳಿಗೆ ಅವಳನ್ನು ಕರೆಯುತ್ತಿರಲಿಲ್ಲ ಎಂದಲ್ಲ. ಕರೆಯದಿದ್ದರೆ ಕೋಪಕ್ಕೆ ಏನಾದರೂ ಮಾಡಿಯಾಳು ಎಂದು ಕರೆಯುತ್ತಿದ್ದರು. ಹೋದರೆ ಅಡುಗೆಮನೆಯ ಕಡೆ ಸುಳಿಯದ ಹಾಗೆ ಯಾರಾದರೊಬ್ಬರು ಬಾಗಿಲಲ್ಲಿ ಕೂತಿರುತ್ತಿದ್ದರು. ಅವಳು ಎಲೆಯ ಮುಂದೆ ಕೂತರೆ ಅಕ್ಕಪಕ್ಕದವರು ತಮ್ಮ ಎಲೆಯನ್ನು ಸ್ವಲ್ಪ ಆಚೆಗೆ ಎಳೆದುಕೊಳ್ಳುವರು. ಎಲ್ಲವೂ ನಗುನಗುತ್ತಲೇ ನಡೆಯುತ್ತಿತ್ತು. ಜಗಳಕ್ಕೆ ಬಂದರೆ ಉತ್ತರ ಕೊಡಬಹುದು. ಎಲೆ ಎಳೆದುಕೊಳ್ಳುವ ಕೈಗೆ ಏನು ಉತ್ತರ?

ವನಜ ಶಾಲೆಗೆ ಸೇರಿದ ವರ್ಷ ಒಂದು ಸಂಜೆ ಸೆರಗು ಹಿಡಿದುಕೊಂಡು ಕೇಳಿದಳು. "ಅಮ್ಮಾ, ನಾನು ಕಡ್ಲೆಮಿಠಾಯಿ ಕೊಟ್ರೆ ಯಾರೂ ಈಸ್ಕಳಲ್ಲ. ನನ್ ಕೈಲೂ ಮದ್ದು ಐತಂತೆ. ಎಲ್ಲೈತೆ ತೋರ್ಸು." ಎರಡೂ ಅಂಗೈ ಚಾಚಿ ನಿಂತಿತ್ತು ಮಗು. ಭಾರತಮ್ಮ ಆ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಮರುವಾರವೇ ಮಗಳನ್ನು ತವರಿಗೆ ಕರೆದೊಯ್ದಳು. ಅಲ್ಲಿ ಓದಲಿ, ಅಲ್ಲಿ ಬೆಳೆಯಲಿ. ಆ ಮಾತು ತಾಯಿಯಿಂದ ಮಗಳಿಗೆ ದಾಟುವ ಮೊದಲು ಮಗಳನ್ನು ದಾಟಿಸಿಬಿಡಬೇಕೆಂಬುದೊಂದೇ ಅವಳಿಗಿದ್ದದ್ದು.

ಮುಳಬಾಗಿಲಿನಲ್ಲಿ ಬಸ್ಸು ಬದಲಿಸುವಾಗ, ಕರೆದುಕೊಂಡು ಹೋಗಲು ಬಂದಿದ್ದ ಭಾರತಮ್ಮನ ಅಪ್ಪನಿಗೆ ಪರಿಚಯದ ಸುಬ್ರಹ್ಮಣ್ಯ ಮೇಷ್ಟ್ರು ಸಿಕ್ಕರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಮಠದ ಬೀದಿಯಲ್ಲಿ ಮನೆ. ವನಜಳನ್ನು ಶಾಲೆಗೆ ಸೇರಿಸುವ ವಿಚಾರಕ್ಕೆ ಅಪ್ಪ ಅವರ ಮನೆಗೆ ಕರೆದುಕೊಂಡು ಹೋದ. ಮಾತು ಮುಗಿದು ಹೊರಡುವಾಗ ಭಾರತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಸ್ವಾಮೀ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಮದ್ದು ಅಂದ್ರೆ ಏನು?"

ಮೇಷ್ಟ್ರಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. ಕನ್ನಡಕ ಸರಿಮಾಡಿಕೊಂಡರು. "ಬಹಳ ಹಳೆಯ ಮಾತಮ್ಮ ಅದು. ಹಳಗನ್ನಡದಲ್ಲಿ ಮರ್ದು ಅಂತಿದ್ದದ್ದು ಈಗ ಮದ್ದು ಆಗಿದೆ. ತಮಿಳ್ನಲ್ಲಿ ಮರುಂದು, ನಿಮ್ಮ ತೆಲುಗ್ನಲ್ಲಿ ಮಂದು. ಎಲ್ಲಾ ಒಂದೇ ಬೇರಿನ ಚಿಗುರು. ಅರ್ಥ ಔಷಧ. ರೋಗ ವಾಸಿ ಮಾಡೋದು. ಆಮೇಲಾಮೇಲೆ ಜನ ಸಿಡಿಮದ್ದಿಗೂ ಅದನ್ನೇ ಅಂದ್ರು, ವಿಷಕ್ಕೂ ಅಂದ್ರು. ತೆಲುಗ್ನೋರು ಕುಡಿಯೋ ಹೆಂಡಕ್ಕೂ ಅಂತಾರೆ. ಒಳಗೆ ಹೋಗಿ ಮೈಯನ್ನ ಬದಲಾಯಿಸೋ ಎಲ್ಲಕ್ಕೂ ಆ ಹೆಸರು ಬಂತು. ಆದ್ರೆ ಮೂಲದಲ್ಲಿ ಒಳ್ಳೇ ಮಾತೇ."

"ಮೂಲದಲ್ಲಿ ಒಳ್ಳೇದೇ" ಎಂದು ಭಾರತಮ್ಮ ತನಗೆ ತಾನೇ ಹೇಳಿಕೊಂಡಳು. ಅವಳ ಕಣ್ಣು ಬೆಳಗಿತು. "ಹಂಗಾದ್ರೆ ಸ್ವಾಮೀ, ಒಂದ್ಸಲ ನಮ್ಮೂರಿಗೆ ಬಂದು ಇದನ್ನ ಹೇಳ್ತೀರಾ? ನೀವು ಓದಿದೋರು. ನಿಮ್ ಮಾತು ಕೇಳ್ತಾರೆ."

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಅವಳ ಅಪ್ಪ ತಲೆ ತಗ್ಗಿಸಿದ್ದನ್ನು ನೋಡಿ, ವಿಷಯವೇನೆಂದು ಕೇಳಿ ತಿಳಿದುಕೊಂಡರು. "ಬರ್ತೀನಮ್ಮ. ಆದ್ರೆ ನಿಘಂಟು ತೋರಿಸಿದ್ರೆ ಭಯ ಹೋಗಲ್ಲ" ಎಂದರು. ಅವರ ಹೆಂಡತಿ ಸುಂದರಾಬಾಯಿ ಒಳಗಿನಿಂದ ಕಾಫಿ ತಂದು ಭಾರತಮ್ಮನ ಕೈಗೆ ಕೊಟ್ಟು, ಅವಳು ಕುಡಿದ ಲೋಟವನ್ನು ತಾವೇ ಎತ್ತಿಕೊಂಡು ಹೋದರು. ಬಸ್ಸಿನಲ್ಲಿ ವಾಪಸು ಬರುವಾಗ ಭಾರತಮ್ಮನಿಗೆ ಮೇಷ್ಟ್ರು ಹೇಳಿದ ಅರ್ಥಗಳಿಗಿಂತ ಆ ಲೋಟವೇ ಹೆಚ್ಚು ನೆನಪಿಗೆ ಬಂತು.

ಮೇಷ್ಟ್ರು ಬರಲಿಲ್ಲ. ಬಂದಿದ್ದರೂ ಆಗುವುದೇನಿತ್ತು?

ಕೋಲಾರಕ್ಕೆ ಹೋಗಿ ಎಲ್ಲಾದರೂ ಕೂಲಿ ಮಾಡಿ ಬದುಕೋಣ ಎಂದು ಸುಬ್ಬರಾಯಪ್ಪ ಒಂದೆರಡು ಸಲ ಹೇಳಿದ. ಅವಳು ಒಪ್ಪಲಿಲ್ಲ. "ಹೋದ್ರೆ ಮಾಡಿದ್ದು ನಿಜ ಅಂದಂಗಾಯ್ತು" ಎಂದಳು. "ಇದ್ರೆ ಏನಾಯ್ತು?" ಎಂದ ಅವನು. ಹೋಗಲಾರದೆ ಇರಲಾರದೆ ಹತ್ತು ವರ್ಷ ಆ ಕೋಣೆಯಲ್ಲೇ ಕಳೆಯಿತು. ಮುನಿಶಾಮಿಗೆ ಮದುವೆಯಾಗಿ ಅನಸೂಯಮ್ಮ ಮನೆಗೆ ಬಂದಳು. ಬಂದ ದಿನವೇ ಅತ್ತೆ ಅವಳಿಗೆ ಗೋಡೆ ತೋರಿಸಿ ಏನು ಹೇಳಬೇಕೋ ಹೇಳಿದ್ದಳು. ಅನಸೂಯಮ್ಮ ಕೆಟ್ಟವಳಲ್ಲ, ಎದುರಾದಾಗ "ಅಕ್ಕಾ" ಎಂದು ಕರೆದು, ಮಗುವಾದ ಮೇಲೆ ಮಗುವನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡು ಹೋಗುತ್ತಿದ್ದಳು. ಮಗುವಿನ ಹೆಸರು ಸರೋಜ. ಅದಕ್ಕೆ ನಡೆಯಲು ಬಂದಾಗಿನಿಂದ ಆ ಮೊಣಕಾಲೆತ್ತರದ ಗೋಡೆಗೆ ಗಲ್ಲ ಊರಿ, ಇತ್ತ ಕಡೆ ಸೊಪ್ಪು ಹೆಚ್ಚುವ ದೊಡ್ಡಮ್ಮನನ್ನು ನೋಡುತ್ತಾ ನಿಲ್ಲುವುದು ಅಭ್ಯಾಸ. ಭಾರತಮ್ಮ ನಗುವಳು, ಮುಖ ಅಣಕಿಸುವಳು. ಕೈ ಮಾತ್ರ ಚಾಚುತ್ತಿರಲಿಲ್ಲ.

ಮುನಿಶಾಮಿ ಈ ಹೊತ್ತಿಗೆ ದೊಡ್ಡ ಟೊಮೇಟೊ ಬೆಳೆಗಾರ. ಔಷಧಿ ಹೊಡೆಯುವುದು ವಾರದ ಕೆಲಸ. ಹೊಡೆದು ಬಂದ ರಾತ್ರಿ ಅವನಿಗೆ ಊಟ ಸೇರುತ್ತಿರಲಿಲ್ಲ, ತಲೆ ಸುತ್ತುತ್ತಿತ್ತು. ಹಳೆಯ ಮದ್ದಿನ ಪಸೆ ಒಳಗೆ ಉಳಿದಿದೆ ಎಂದು ಅವನ ತಾಯಿ ನಿಟ್ಟುಸಿರು ಬಿಡುತ್ತಿದ್ದಳು. ಗೋಡೆಯಾಚೆಯಿಂದ ಆ ನಿಟ್ಟುಸಿರು ಭಾರತಮ್ಮನಿಗೆ ಕೇಳುತ್ತಿತ್ತು.

ಎಂಬತ್ತಾರರ ಬೇಸಿಗೆಯ ಒಂದು ಬೆಳಗ್ಗೆ ಮುನಿಶಾಮಿ ಹಿತ್ತಲಲ್ಲಿ ಬಾಟಲಿ ಬಗ್ಗಿಸಿ, ಒಂದು ಸ್ಟೀಲ್ ಲೋಟದಲ್ಲಿ ನೀರಿಗೆ ಬೆರೆಸಿ, ಬಕೆಟ್ಟಿಗೆ ಸುರಿದುಕೊಂಡು ಹೊಲಕ್ಕೆ ಹೋದ. ಲೋಟ ಕಲ್ಲಿನ ಮೇಲೆ ಉಳಿಯಿತು. ಅದರ ತಳದಲ್ಲಿ ಒಂದಿಷ್ಟು. ಆ ಔಷಧಿ ನೀರು ಸೇರಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಅನಸೂಯಮ್ಮ ಅವನ ಹಿಂದೆಯೇ ಬುತ್ತಿ ಕಟ್ಟಿಕೊಂಡು ಹೋಗಿದ್ದಳು. ಮಗುವನ್ನು ನೋಡಿಕೊಳ್ಳುತ್ತಿದ್ದ ರಾಮಲಕ್ಷ್ಮಮ್ಮ ಮುಂದಿನ ಜಗಲಿಯಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದಳು.

ಭಾರತಮ್ಮ ಸೊಪ್ಪಿನ ಕುಕ್ಕೆ ಇಳಿಸಿ ತಲೆಯೆತ್ತಿದರೆ, ಸರೋಜ ಗೋಡೆಯಾಚೆ ಲೋಟ ಹಿಡಿದು ನಿಂತಿದೆ. ಬಾಯಿಯ ಸುತ್ತ ಬೆಳ್ಳಗೆ. ಮುಖ ಹುಳ್ಳಗೆ ಮಾಡಿಕೊಂಡು ಲೋಟ ಬಿಸಾಡಿತು. ಸ್ವಲ್ಪ ಹೊತ್ತಿಗೆಲ್ಲ ಬಾಯಿಂದ ಎಳೆಎಳೆಯಾಗಿ ಜೊಲ್ಲು ಇಳಿಯಿತು, ಕಾಲು ಸೋತು ಕುಳಿತುಬಿಟ್ಟಿತು.

ಭಾರತಮ್ಮ ಆ ಜೊಲ್ಲನ್ನು ಹಿಂದೆ ನೋಡಿದ್ದಳು. ಒಂದು ಕ್ಷಣ ಗೋಡೆಯ ಈಚೆಗೇ ನಿಂತಳು. ಮುಟ್ಟಿದರೆ ಏನಾಗುತ್ತದೆಂದು ಗೊತ್ತಿತ್ತು. ಮಗು ಉಳಿಯದಿದ್ದರೆ ಈ ಊರು ತನ್ನನ್ನು ಸುಡುತ್ತದೆ. ಮುಟ್ಟದೆ ಅತ್ತೆಯನ್ನು ಕೂಗಿದರೆ ಅತ್ತೆ ದೊಡ್ಡವೆಂಕಟಪ್ಪನಿಗೆ ಹೇಳಿಕಳಿಸುತ್ತಾಳೆ. ಆ ಕ್ಷಣದ ಬಗ್ಗೆ ಮುಂದೆ ಯಾರಾದರೂ ಕೇಳಿದರೆ ಅವಳು, "ಯೋಚ್ನೆ ಮಾಡ್ಲಿಲ್ಲ" ಎನ್ನುತ್ತಿದ್ದಳು. ಯೋಚನೆ ಮಾಡಿದ್ದಳು. ಮಾಡಿಯೇ ಗೋಡೆ ದಾಟಿದ್ದಳು.

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಲೋಟವನ್ನೂ ಸೆರಗಿನಲ್ಲಿ ಸುತ್ತಿಕೊಂಡು, ನಡುವಂಕಣದ ಮೂಲಕ ಮುಂದಿನ ಬಾಗಿಲಿಗೆ ಓಡಿ ಬಂದಳು. ರಾಮಲಕ್ಷ್ಮಮ್ಮ ಕಿರುಚಿದಳು.

"ಬಿಡೇ ಮಗೂನ! ಏನ್ ಹಾಕ್ದೇ ನನ್ ಕೂಸಿಗೆ? ಅಯ್ಯೋ, ಮದ್ದಾಕ್ಬಿಟ್ಳಲ್ಲಪ್ಪೋ!"

"ಗಿಡದ ಔಷಧಿ ಕುಡಿದೈತೆ ಅತ್ತೆ. ಕೋಲಾರಕ್ಕೆ ಹೋಗ್ಬೇಕು."

"ದೊಡ್ಡವೆಂಕಟಪ್ಪನ್ನ ಕರೀರೋ ಯಾರಾದ್ರೂ!" ಅತ್ತೆ ಅವಳ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಓಣಿಯ ಜನ ಹೊರಗೆ ಬಂದರು. ಇಬ್ಬರು ದಾರಿಗೆ ಅಡ್ಡ ನಿಂತರು.

ಹತ್ತು ವರ್ಷ ತಗ್ಗಿಸಿಕೊಂಡಿದ್ದ ದನಿ ಅಂದು ಭಾರತಮ್ಮನಿಂದ ಹೊರಬಂತು. "ಹ್ಞೂಂ, ನಾನೇ ಹಾಕಿದೀನಿ ಅನ್ಕೊಳ್ಳಿ! ಆಮೇಲೆ ಕಂಬಕ್ಕೆ ಕಟ್ಟಿ ಹೊಡೀರಿ. ಈಗ ದಾರಿ ಬಿಡಿ!"

ಅಡ್ಡ ನಿಂತವರು ಹಿಂದಕ್ಕೆ ಸರಿದರು. ಅವಳ ಮಾತಿಗೆ ಮರುಗಿ ಸರಿದರೋ, ಮದ್ದು ಹಾಕುವವಳ ಸಿಟ್ಟಿಗೆ ಹೆದರಿ ಸರಿದರೋ, ಅಂತೂ ದಾರಿಯಾಯಿತು. ಸೆರಗು ಹರಿದು ಒಂದು ತುಂಡು ಅತ್ತೆಯ ಕೈಯಲ್ಲಿ ಉಳಿಯಿತು. ರಸ್ತೆಯಲ್ಲಿ ಹಾಲಿನ ಕ್ಯಾನು ತುಂಬಿಕೊಂಡು ಹೊರಟಿದ್ದ ಡೈರಿ ವ್ಯಾನಿಗೆ ಅಡ್ಡ ನಿಂತು, ಕ್ಯಾನುಗಳ ನಡುವೆ ಕೂತಳು. ಕೋಲಾರ ಬರುವವರೆಗೂ ಮಗುವಿನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದು, ಬಾಯಿಗೆ ಬಂದ ನೊರೆಯನ್ನು ಒರೆಸುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು. "ಏನಾಯ್ತು ಮಗೂಗೆ?"

"ಮದ್ದು ಕುಡಿದ್ಬಿಟ್ಟೈತಮ್ಮಾ" ಎಂಬ ಮಾತು ಭಾರತಮ್ಮನ ಬಾಯಿಂದ ತಾನಾಗಿ ಬಂತು.

"ಮದ್ದಾ? ಯಾರ್ ಹಾಕಿದ್ದು?" ಆ ನರ್ಸೂ ಅದೇ ಸೀಮೆಯವಳು. ಅವಳ ಕಣ್ಣು ಬದಲಾದದ್ದನ್ನು ಭಾರತಮ್ಮ ಕಂಡಳು.

"ಅಲ್ಲ, ಔಷಧಿ. ಔಷಧಿ ಕುಡಿದೈತೆ."

"ಯಾವ್ ಔಷಧಿ? ಡಾಕ್ಟರ್ ಬರ್ಕೊಟ್ಟಿದ್ದಾ? ಎಷ್ಟ್ ಕೊಟ್ಟೆ?"

ಬಾಯಿಗೆ ಬಂದ ಎರಡು ಮಾತೂ ಅವಳನ್ನೇ ತಿರುಗಿ ಹಿಡಿದವು. ಭಾರತಮ್ಮ ಸೆರಗು ಬಿಚ್ಚಿ ಲೋಟವನ್ನು ಮೇಜಿನ ಮೇಲೆ ಇಟ್ಟಳು. ಯಾರ ಬಾಯಲ್ಲೂ ತಿರುಚಲಾಗದ ಮಾತಿಗಾಗಿ ಒಂದು ಗಳಿಗೆ ತಡಕಾಡಿ, "ವಿಷ" ಎಂದಳು. "ಗಿಡಕ್ಕೆ ಹೊಡೆಯೋ ವಿಷ. ಇದ್ರಲ್ಲಿತ್ತು."

ಆ ಮಾತಿಗೆ ಡಾಕ್ಟರು ಪಕ್ಕದ ಕೋಣೆಯಿಂದ ಎದ್ದು ಬಂದರು. ಲೋಟ ಮೂಸಿದರು, ಮಗುವಿನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಆಮೇಲೆ ಅವರೂ ನರ್ಸೂ ಓಡಾಡಿದ್ದೇ ಓಡಾಡಿದ್ದು. ಬಾಗಿಲು ಮುಚ್ಚಿತು. ಭಾರತಮ್ಮ ಹೊರಗೆ ಬೆಂಚಿನ ಮೇಲೆ ಉಳಿದಳು.

ವಿಷದ ಪ್ರಕರಣವೆಂದ ಮೇಲೆ ಪೊಲೀಸಿನವರು ಬರಲೇಬೇಕು. ಹೆಡ್ ಕಾನ್‌ಸ್ಟೇಬಲ್ ಒಬ್ಬ ಬಂದು ಅವಳ ಪಕ್ಕ ನಿಂತ. ಅಷ್ಟರಲ್ಲಿ ರಾಮಲಕ್ಷ್ಮಮ್ಮ, ಮುನಿಶಾಮಿ, ಅನಸೂಯಮ್ಮ, ಸುಬ್ಬರಾಯಪ್ಪ, ಜೊತೆಗೆ ಊರಿನ ನಾಲ್ಕು ಜನ ಟ್ರಾಕ್ಟರಿನಲ್ಲಿ ಬಂದಿಳಿದರು. ಅತ್ತೆ ನೇರವಾಗಿ ಕಾನ್‌ಸ್ಟೇಬಲ್ಲಿನ ಮುಂದೆ ಹೋಗಿ ಎದೆ ಬಡಿದುಕೊಂಡಳು.

"ಇವ್ಳೇ ಸಾಮೀ. ಮದ್ದಾಕೋಳು. ಹಿಂದೆ ನನ್ ಮಗನಿಗೂ ಹಾಕಿದ್ಲು, ತೆಗೆಸಿ ಉಳಿಸ್ಕೊಂಡ್ವಿ. ಊರಿಗೆಲ್ಲ ಗೊತ್ತು, ಕೇಳಿ ಬೇಕಾದ್ರೆ."

ಊರಿನ ನಾಲ್ವರೂ ತಲೆಯಾಡಿಸಿದರು. ಕಾನ್‌ಸ್ಟೇಬಲ್ ಭಾರತಮ್ಮನ ಕಡೆ ತಿರುಗಿದ. "ಏನಮ್ಮ? ಎದ್ದು ಬಾ ಈ ಕಡೆ."

ಸುಬ್ಬರಾಯಪ್ಪ ಅಡ್ಡ ಬಂದ. ಅವನನ್ನು ಪಕ್ಕಕ್ಕೆ ತಳ್ಳಿದರು. ಭಾರತಮ್ಮ ಎದ್ದಳು. ಅವಳಿಗೆ ಅಳು ಬರಲಿಲ್ಲ. ಇದು ಎಂದೋ ಆಗಬೇಕಾಗಿದ್ದದ್ದು, ಇಷ್ಟು ವರ್ಷ ತಡವಾಯಿತು, ಅಷ್ಟೇ ಅನ್ನಿಸಿತು.

ಡಾಕ್ಟರು ಬಾಗಿಲು ತೆರೆದುಕೊಂಡು ಬಂದರು. ಕೈಯಲ್ಲಿ ಲೋಟ. "ಮಗು ಉಳಿಯುತ್ತೆ. ಇನ್ನು ಅರ್ಧ ಗಂಟೆ ತಡವಾಗಿದ್ರೆ ನನ್ ಕೈಲಿರ್ತಿರ್ಲಿಲ್ಲ. ಈ ಲೋಟದಲ್ಲಿ ಔಷಧಿ ಕಲಸಿದ್ದು ಯಾರು?"

ಮುನಿಶಾಮಿ ಲೋಟವನ್ನು ನೋಡಿದ. ಅವನ ಮದುವೆಗೆ ಬಂದ ಲೋಟ. ಅಂಚಿನಲ್ಲಿ ಅವನ ಹೆಸರು ಕೊರೆದಿತ್ತು. ಕಾರಿಡಾರಿನಲ್ಲಿದ್ದವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ತಾಯಿ ಅವನ ತೋಳು ಹಿಡಿದಿದ್ದಳು.

"ನಾನು" ಎಂದ. ಮತ್ತೆ ಹೇಳಿದ. "ನಾನೇ ಸಾರ್. ಕಲ್ ಮೇಲೆ ಬಿಟ್ಟು ಹೋದೆ. ಅತ್ತಿಗೇದೇನೂ ಇಲ್ಲ."

"ಜೊಲ್ಲು, ಬೆವರು, ಹೊಟ್ಟೆನೋವು, ಕಣ್ಣು ಮಂಜಾಗೋದು. ಈ ಔಷಧಿ ಮೈಗೆ ಹತ್ತಿದ್ರೂ ಹಂಗೇ ಆಗುತ್ತೆ. ಹೊಡೆಯೋವಾಗ ನಿಮಗೆ ಆಗಿಲ್ವಾ?"

ಮುನಿಶಾಮಿ ನೆಲ ನೋಡಿದ. "ಆಗೈತೆ ಸಾರ್. ಹತ್ ವರ್ಷದ ಹಿಂದೆ ಮೊದಲ್ನೇ ಸಲ ಹೊಡೆದಾಗ್ಲೇ ಆಗೈತೆ."

ರಾಮಲಕ್ಷ್ಮಮ್ಮನ ಕೈ ಅವನ ತೋಳಿನಿಂದ ಜಾರಿತು.

ಸಂಜೆ ಮಗುವನ್ನು ನೋಡಲು ಒಬ್ಬೊಬ್ಬರನ್ನೇ ಒಳಗೆ ಬಿಟ್ಟಾಗ, ಹೊರಗಿನ ಹುಣಸೆಮರದ ಕೆಳಗೆ ಭಾರತಮ್ಮ ಮೈದನ ಎದುರಿಗೆ ನಿಂತಳು.

"ನಿಂಗೆ ಮೊದ್ಲೇ ಗೊತ್ತಿತ್ತಾ ಮುನಿಶಾಮಿ?"

"ಅನುಮಾನ ಇತ್ತು ಅತ್ತಿಗೆ. ಪ್ರತೀ ಸಲ ಹೊಡೆದಾಗ್ಲೂ ತಲೆ ಸುತ್ತೋದು. ನೀವು ಏನೂ ಕೊಡದೇ ಇದ್ರೂ ಸುತ್ತೋದು. ಆದ್ರೆ ಅಮ್ಮ, ಊರು, ಎಲ್ಲಾ ಒಂದು ಮಾತು ಅಂದ್ಮೇಲೆ ನಾನೊಬ್ನೇ ಏನಂತ ಹೇಳ್ಲಿ?"

ಅವಳು ಅವನಿಗೆ ಬೈಯಲಿಲ್ಲ. ಬೈಯಲು ಹೊರಟರೆ ವನಜಳ ಬಾಲ್ಯದಿಂದ ಶುರುಮಾಡಬೇಕು. ಎಲ್ಲಿಗೆ ಮುಗಿಯುತ್ತದೆ ಅದು? ಹೋಗಿ ಮಗುವಿನ ಮಂಚದ ಪಕ್ಕ ಕೂತಳು. ಅನಸೂಯಮ್ಮ ಎದ್ದು ಜಾಗ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಳುತ್ತಾ, "ಅಕ್ಕಾ, ಗಂಜಿ ಕುಡಿಸ್ಬೇಕಂತೆ. ನೀವೇ ಕುಡಿಸಿ" ಎಂದು ಬಟ್ಟಲು ಮುಂದೆ ಹಿಡಿದಳು. ಭಾರತಮ್ಮ ಬಟ್ಟಲು ಬಗ್ಗಿಸಿದ್ದು ಹೆಚ್ಚಾಗಿ ಗಂಜಿ ಹಾಸಿಗೆಯ ಮೇಲೆ ಚೆಲ್ಲಿತು. ಬೇರೊಬ್ಬರ ಮಗುವಿನ ಬಾಯಿಗೆ ಕೊಡುವುದೇ ಅವಳಿಗೆ ಮರೆತುಹೋಗಿತ್ತು.

ಮನೆಯ ನಡುವಿನ ಗೋಡೆ ಮುಂದಿನ ಹಬ್ಬದ ಹೊತ್ತಿಗೆ ಬಿತ್ತು. ಅತ್ತೆ ಕ್ಷಮೆಯ ಮಾತು ಎಂದೂ ಆಡಲಿಲ್ಲ. ಒಂದು ಮಧ್ಯಾಹ್ನ ಭಾರತಮ್ಮನ ಒಲೆಯ ಮುಂದೆ ಬಂದು ಕೂತು, ತಟ್ಟೆ ಮುಂದಿಟ್ಟುಕೊಂಡು, ಮುದ್ದೆ ಮುರಿದಳು. ತಿನ್ನುವಾಗ ಅವಳ ಕಣ್ಣಲ್ಲಿ ಭಯ ಇತ್ತು, ಆದರೂ ತಿಂದಳು. ಮುನಿಶಾಮಿ ಔಷಧಿ ಹೊಡೆಯುವುದನ್ನು ಬಿಡಲಿಲ್ಲ, ಅಂಗಿ ಹಾಕಿಕೊಂಡು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆದ. ವನಜ ರಜೆಗೆ ಬಂದಾಗ ಓಣಿಯ ಮಕ್ಕಳಿಗೆ ಏನಾದರೂ ಕೊಡಲು ಮೊದಲಿನ ಹಾಗೆ ಹೆದರುತ್ತಿರಲಿಲ್ಲ.

ಊರು ಮಾತ್ರ ಆ ಮಾತನ್ನು ಬಿಡಲಿಲ್ಲ, ಮಗ್ಗುಲು ಬದಲಾಯಿಸಿತು ಅಷ್ಟೇ. ಸತ್ತೇ ಹೋಗಬೇಕಾಗಿದ್ದ ಮಗುವನ್ನು ಭಾರತಮ್ಮ ಉಳಿಸಿಕೊಂಡು ಬಂದಳು. ಹೇಗೆ ಉಳಿಸಿದಳು? ಮದ್ದು ಹಾಕುವುದು ಗೊತ್ತಿದ್ದವಳಿಗೆ ತೆಗೆಯುವುದು ಗೊತ್ತಿರುವುದಿಲ್ಲವೇ? ಹೀಗೆಂದು ಮೊದಲು ಯಾರು ಹೇಳಿದರೋ. ದೊಡ್ಡವೆಂಕಟಪ್ಪನಿಗೆ ವಯಸ್ಸಾಗಿದ್ದರಿಂದ ಆ ಮಾತಿಗೆ ಕಾಲು ಬಂತು. ಶ್ರೀನಿವಾಸಪುರದ ಕಡೆಯಿಂದ, ಮಾಲೂರಿನ ಕಡೆಯಿಂದಲೂ ಜನ ಕೇಳಿಕೊಂಡು ಬರತೊಡಗಿದರು. ಎಲೆ ಎಳೆದುಕೊಂಡವರು ಈಗ ಕೈಮುಗಿದು ದೂರ ನಿಲ್ಲುತ್ತಿದ್ದರು.

"ನಂಗೆ ಮದ್ದು ಗೊತ್ತಿಲ್ಲ. ಅಂಥದ್ದು ಇಲ್ಲವೇ ಇಲ್ಲ" ಎಂದು ಭಾರತಮ್ಮ ಹೇಳುವಳು. ಬಂದವರು ಅರ್ಥವಾದವರ ಹಾಗೆ ತಲೆಯಾಡಿಸುವರು. ಗೊತ್ತಿರುವವರು ಎಲ್ಲಾದರೂ ಬಾಯಿಬಿಟ್ಟು ಗೊತ್ತು ಎನ್ನುತ್ತಾರೆಯೇ? ಕೆಲವು ದಿನ ಅವಳು ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ಹೊರಗೆ ಜಗಲಿಯಲ್ಲಿ ಅವರು ಕಾದು ಕೂತಿರುತ್ತಿದ್ದರು, ಕೆಮ್ಮುತ್ತಾ, ಪಿಸುಗುಡುತ್ತಾ. ಒಳಗಿನಿಂದ ಅವಳಿಗೆ ಹಳೆಯ ಕೋಣೆಯೇ ಎಷ್ಟೋ ವಾಸಿ ಎನ್ನಿಸುತ್ತಿತ್ತು.

ಒಂದು ದಿನ ಕ್ಯಾಲನೂರು ಕಡೆಯ ಹೆಂಗಸೊಬ್ಬಳು ಗಂಡನನ್ನು ಕರೆದುಕೊಂಡು ಬಂದಳು. ಗಂಡ ವೆಂಕಟರಮಣಪ್ಪ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಆಳು. ಒಣಗಿ ಕಡ್ಡಿಯಾಗಿದ್ದ, ಕೈ ನಡುಗುತ್ತಿತ್ತು. ಅವನ ಅತ್ತಿಗೆ ಮದ್ದು ಹಾಕಿದ್ದಾಳೆಂದು ಹೆಂಡತಿಯ ದೂರು. ಆ ಅತ್ತಿಗೆಯನ್ನು ಆಗಲೇ ಮನೆಯಿಂದ ಹೊರಗೆ ಹಾಕಿದ್ದರು.

"ನೀವು ತೆಗೆದ್ಬಿಡಿ ತಾಯಿ. ಅವ್ಳನ್ನ ಆಮೇಲೆ ನೋಡ್ಕೊಂತೀವಿ" ಎಂದಳು ಹೆಂಗಸು.

ಭಾರತಮ್ಮ ಇಲ್ಲವೆನ್ನಲು ಬಾಯಿ ತೆರೆದಳು. ಆ ಕಾಣದ ಅತ್ತಿಗೆ ಯಾವ ಕೊಟ್ಟಿಗೆಯಲ್ಲಿ ಒಲೆ ಹೂಡಿರಬಹುದೋ ಎಂದು ಅನ್ನಿಸಿ ಬಾಯಿ ಮುಚ್ಚಿದಳು. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು.

"ಏಳಿ. ಕೋಲಾರದ ಬಸ್ಸಿಗೆ ಹೊತ್ತಾಯ್ತು. ನಾನೂ ಬರ್ತೀನಿ."

"ಅಲ್ಲಿ ಹೋಗಿ ತೆಗೀತೀರಾ?"

"ಹ್ಞೂಂ, ಅಲ್ಲೇ ತೆಗೆಸೋದು" ಎಂದು ಭಾರತಮ್ಮ ಚಪ್ಪಲಿ ಮೆಟ್ಟಿದಳು. "ಡಾಕ್ಟ್ರು ಏನಂತಾರೋ ಪೂರ್ತಿ ಕೇಳಿಸ್ಕೊಂಡು, ವಾಪಸ್ ಬಂದು ನಿಮ್ ಊರಲ್ಲಿ ನೀನೇ ಹೇಳ್ಬೇಕು. ಆ ಹೆಣ್ಮಗಳ ಮುಂದೆ ನಿಂತ್ಕೊಂಡು ಹೇಳ್ಬೇಕು. ಹಂಗಂತ ಮಾತು ಕೊಟ್ರೆ ಮಾತ್ರ ಬರ್ತೀನಿ."

ಹೆಂಗಸು ಏನು ಅರ್ಥಮಾಡಿಕೊಂಡಳೋ, ಮಾತು ಕೊಟ್ಟಳು. ಮೂವರೂ ರಸ್ತೆಯ ಕಡೆಗೆ ನಡೆದರು.